ಅವನ ಊಟ ನಾನು ಹೇಳುವುದು

ನನ್ನ ತಮ್ಮನಿಗೆ ಮನೆಯಲ್ಲಿ ಇಟ್ಟ ಅಡ್ಡಹೆಸರು ಗಿಡ್ಡ. ಈಗ ಅವನು ಆರಡಿ ಎರಡಂಗುಲ ಇದ್ದಾನೆ, ಲಿಫ್ಟ್ ರಿಪೇರಿ ಮಾಡುತ್ತಾನೆ, ಕಿವಿಯ ಪಕ್ಕದ ಕೂದಲು ನೆರೆತಿದೆ. ಆದರೂ ನನಗೆ ಗಿಡ್ಡನೇ. ಅಪ್ಪ ಅಮ್ಮ ಒಂದೇ ವರ್ಷದಲ್ಲಿ ಹೋದಾಗ ಅವನಿಗೆ ಹನ್ನೊಂದು, ನನಗೆ ಇಪ್ಪತ್ತಮೂರು. ಆಗ ಅವನು ನನ್ನ ಭುಜಕ್ಕೂ ಬರುತ್ತಿರಲಿಲ್ಲ. ನನ್ನ ಮನಸ್ಸಿನಲ್ಲಿ ಅವನು ಅಲ್ಲಿಂದ ಮುಂದೆ ಬೆಳೆದೇ ಇಲ್ಲ.

ನಾನು ಬಟ್ಟೆ ಆಲ್ಟರೇಷನ್ ಮಾಡುವವಳು. ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ನನ್ನ ಮಿಷನ್ ಇದೆ. ಜನ ದಪ್ಪಗಾದರೆ ಪ್ಯಾಂಟಿನ ಸೊಂಟ ಬಿಚ್ಚುವ ಕೆಲಸ, ಸಣ್ಣಗಾದರೆ ಹಿಡಿಯುವ ಕೆಲಸ. ಅವರು ಹೇಗಾದರೂ ಆಗಲಿ, ನನ್ನ ಹೊಟ್ಟೆ ತುಂಬುತ್ತದೆ. ಟೇಪು ಹಿಡಿಯದೆ, ಬಾಗಿಲಲ್ಲಿ ನಿಂತವರ ಸೊಂಟ ಎಷ್ಟು ಅಂಗುಲ ಎಂದು ಹೇಳಬಲ್ಲೆ. ಈ ವಿಷಯದಲ್ಲಿ ನನಗೆ ಸ್ವಲ್ಪ ಜಂಬ ಇದೆ. ಸ್ವಲ್ಪ ಅಂದೆನೇ? ಗಿಡ್ಡನನ್ನು ಕೇಳಿದರೆ ಬೇರೆ ಹೇಳುತ್ತಾನೆ.

ಕೆಲಸಕ್ಕೆ ಸೇರಿದ ಮೇಲೆ ಅವನು ಕಂಪನಿಯ ಹತ್ತಿರವೇ ಒಂದು ಕೋಣೆ ಮಾಡಿಕೊಂಡ. ಹಾಗಾಗಿ ನಮಗಿಬ್ಬರಿಗೂ ಉಳಿದದ್ದು ಗುರುವಾರದ ಮಧ್ಯಾಹ್ನ ಒಂದೇ. ಒಂದು ವಾರ ನಮ್ಮ ಅಂಗಡಿಯ ಬೀದಿಯಲ್ಲಿ ಚಿಕನ್, ಮೀನಿನ ಕರಿ ಮಾಡುವ ಕರಿ ಹೋಟೆಲು, ಇನ್ನೊಂದು ವಾರ ಬಸ್ ನಿಲ್ದಾಣದ ಎದುರಿನ ಪಬ್ಬು. ಇಪ್ಪತ್ತೆರಡು ವರ್ಷದಿಂದ ತಪ್ಪಿಲ್ಲ. ಜ್ವರ ಬಂದರೂ ಹೋಗಿದ್ದೇವೆ, ನಾನು ಮುನಿಸಿಕೊಂಡು ಮಾತು ಬಿಟ್ಟಿದ್ದಾಗಲೂ ಹೋಗಿ ಎದುರುಬದುರು ಕೂತು ತಿಂದಿದ್ದೇವೆ.

ಈ ಊಟಕ್ಕೆ ನಮ್ಮದೇ ಒಂದು ನಿಯಮ. ಅವನ ಊಟ ನಾನು ಹೇಳುವುದು, ನನ್ನ ಊಟ ಅವನು ಹೇಳುವುದು. ಅವನಿಗೆ ಹತ್ತೊಂಬತ್ತಿರುವಾಗ ಕಾಮಾಲೆ ಬಂದು ಎದ್ದಿದ್ದ. ಬಾಯಿಗೆ ರುಚಿ ಹತ್ತಲಿ ಎಂದು ಮೊದಲ ಸಲ ಆ ಹೋಟೆಲಿಗೆ ಕರೆದುಕೊಂಡು ಹೋದೆ. ಮಹಾರಾಯ ಮೆನು ಹಿಡಿದು ಪರೀಕ್ಷೆಗೆ ಓದುವವನ ಹಾಗೆ ಓದತೊಡಗಿದ. ನನಗೆ ಊಟಕ್ಕೆ ಬಿಡುವುದೇ ನಲವತ್ತು ನಿಮಿಷ. ತಲೆ ಕೆಟ್ಟು ಕಿತ್ತುಕೊಂಡೆ. ನಿನ್ನದು ನಾನು ಹೇಳ್ತೀನಿ, ನನ್ನದು ನೀನು ಹೇಳು, ಮುಗೀತು ಎಂದೆ. ಡಾಕ್ಟರು ಖಾರ ಕೂಡದು ಎಂದಿದ್ದರಿಂದ ಅವನಿಗೆ ಕೆನೆ ಹಾಕಿದ ಸಪ್ಪೆ ಚಿಕನ್ ಕರಿ ಹೇಳಿದೆ. ಅವನು ತಟ್ಟೆ ಬಳಿದು ತಿಂದ. ಅವತ್ತು ನನಗಾದ ಸಮಾಧಾನ ಇವತ್ತಿಗೂ ನೆನಪಿದೆ. ಅಲ್ಲಿಂದ ಮುಂದೆ ಅವನಿಗೆ ಅದೇ. ಹೋಟೆಲಿನ ಯಜಮಾನ, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡೇ ಓಡಾಡುವ ಮನುಷ್ಯ, ಈಗೀಗ ನಮ್ಮನ್ನು ಕೇಳುವುದೂ ಇಲ್ಲ. ಮಾಮೂಲಾ ಎನ್ನುತ್ತಾನೆ, ನಾನು ತಲೆ ಆಡಿಸುತ್ತೇನೆ.

ಎರಡು ತಿಂಗಳ ಹಿಂದೆ ಪಬ್ಬಿನ ಸರದಿ. ಮಧ್ಯಾಹ್ನ ಅಲ್ಲಿ ಜನ ಕಡಿಮೆ. ಟಿವಿಯಲ್ಲಿ ಸದ್ದಿಲ್ಲದೆ ಯಾವುದೋ ಮ್ಯಾಚ್ ಓಡುತ್ತಿರುತ್ತದೆ, ಕೌಂಟರಿನ ಹುಡುಗಿ ಗ್ಲಾಸು ಒರೆಸುತ್ತಿರುತ್ತಾಳೆ. ಗಿಡ್ಡ ಒಳಗೆ ಅಡುಗೆಯವನ ಹತ್ತಿರ ಹೋಗಿ ಏನೋ ಪಿಸುಗುಟ್ಟಿ ಬಂದ. ನನಗೆ ಅಣಬೆ ತುಂಬಿದ ಬಿಸಿ ಪೈ, ಒಂದು ಗ್ಲಾಸು ಕಪ್ಪು ಬಿಯರ್ ಬಂತು. ಅವನಿಗೆ ನಾನು ಹೇಳಿದ್ದ ತಿಳಿ ಬಿಯರ್, ಆಲೂಗೆಡ್ಡೆ. ನಾನು ಪೈ ಮುರಿಯುವುದನ್ನೇ ಕಾಯುತ್ತಿದ್ದವನ ಹಾಗೆ ಅವನು ಬಾಯಿ ಬಿಟ್ಟ. ಯಾರನ್ನೋ ಮದುವೆಯಾಗಬೇಕು ಎಂದುಕೊಂಡಿದ್ದಾನಂತೆ. ಲಿಫ್ಟ್ ತಪಾಸಣೆಗೆ ಬರುವ ಮೇಡಂ ಅಂತೆ. ಇವನು ರಿಪೇರಿ ಮಾಡಿದ ಲಿಫ್ಟನ್ನು ಎರಡು ಸಲ ಸರಿಯಿಲ್ಲವೆಂದು ವಾಪಸು ಮಾಡಿದವಳಂತೆ. ಮೂರನೇ ಸಲ ಸಹಿ ಹಾಕಿದಳಂತೆ. ಆಮೇಲೆ ಚಹಾ ಕುಡಿದರಂತೆ.

ಸುಳ್ಳು ಯಾಕೆ ಹೇಳಲಿ, ಸಂತೋಷ ಆಗಲಿಲ್ಲ. ನನಗೆ ಮದುವೆಯ ಯೋಚನೆ ಬರುವಷ್ಟರಲ್ಲಿ ಅದರ ಕಾಲ ದಾಟಿತ್ತು. ನನ್ನವನು ಅಂತ ಇದ್ದವನು ಇವನೊಬ್ಬ. ಹೆಂಡತಿ ಬಂದ ಮೇಲೆ ಗುರುವಾರ ಎಲ್ಲಿ ಉಳಿಯುತ್ತದೆ? ಮೊದಲು ಎರಡು ವಾರಕ್ಕೊಮ್ಮೆ ಆಗುತ್ತದೆ, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಫೋನಿನಲ್ಲಿ ಊಟ ಆಯ್ತಾ ಅಕ್ಕ. ಮುಖ ಗಂಟು ಹಾಕಿಕೊಂಡು ಪೈ ತಿಂದೆ. ಅವನು ನನ್ನ ಮುಖವನ್ನೇ ನೋಡುತ್ತಿದ್ದ.

"ನೀನು ಒಂದ್ಸಲ ಅವರನ್ನ ನೋಡು ಅಕ್ಕ. ನೀನು ಬೇಡ ಅಂದ್ರೆ ಬೇಡ."

ಅವನು ಹಾಗಂದದ್ದೇ ನನಗೆ ದಾರಿ ಸಿಕ್ಕಿತು. ಬೇಡ ಅಂದರಾಯಿತು. ಇವನಿಗೆ ಏನು ಒಪ್ಪುತ್ತದೆ ಎಂದು ನನಗಿಂತ ಬಲ್ಲವರು ಯಾರಿದ್ದಾರೆ? ಒಂದು ನೆಪ ಬೇಕು, ಅಷ್ಟೆ. ಮುಂದಿನ ಗುರುವಾರ ಕರಿ ಹೋಟೆಲಿಗೇ ಕರೆದುಕೊಂಡು ಬಾ, ಎಂದೆ.

ಆ ಒಂದು ವಾರ ನನ್ನ ಕೈಗೆ ಸಿಕ್ಕಿದ ಬಟ್ಟೆಗಳ ಗತಿ ಕೇಳಬೇಡಿ. ಯಾರದೋ ಕೋಟಿನ ಎಡತೋಳನ್ನು ಬಲಕ್ಕೆ ಜೋಡಿಸಿದೆ. ಅಂಗಡಿಯ ಯಜಮಾನಿ ಬಂದು, ಏನಾಗಿದೆ ನಿನಗೆ ಎಂದು ಕೇಳಿದಾಗ ಅವಳ ಮೇಲೂ ಹರಿಹಾಯ್ದೆ. ಮನಸ್ಸಿನಲ್ಲಿ ಬೇಡ ಎನ್ನುವುದಕ್ಕೆ ಬಗೆಬಗೆಯ ಕಾರಣ ಹೊಲಿಯುತ್ತಿದ್ದೆ. ತಪಾಸಣೆ ಮಾಡುವವಳು ಗಂಡನಲ್ಲೂ ತಪ್ಪು ಹುಡುಕುತ್ತಾಳೆ. ಎರಡು ಸಲ ವಾಪಸು ಮಾಡಿದವಳಿಗೆ ಮೂರನೇ ಸಲ ಗಂಡನನ್ನೇ ವಾಪಸು ಮಾಡುವುದು ಕಷ್ಟವೇ? ಹೀಗೆ.

ಗುರುವಾರ ಬಂತು. ಮೇಡಂ ನಮಗಿಂತ ಮುಂಚೆ ಬಂದು ಹೋಟೆಲಿನ ಬಾಗಿಲಲ್ಲಿ ನಿಂತಿದ್ದರು. ಬೂಟಿನ ಮೇಲೆ ಗ್ರೀಸಿನ ಕಲೆ, ಜೇಬಿನಲ್ಲಿ ಟಾರ್ಚು. ಸೊಂಟ ಮೂವತ್ತಾರು, ಪ್ಯಾಂಟು ಮೂವತ್ತೆಂಟರದ್ದು. ಆರಾಮ ನೋಡುವ ಹೆಂಗಸು ಎಂದುಕೊಂಡೆ. ನನ್ನನ್ನು ಕಂಡ ಕೂಡಲೇ ಟಾರ್ಚನ್ನು ತೆಗೆದು ಬ್ಯಾಗಿಗೆ ಹಾಕಿದರು. ಹೆದರಿದ್ದಾರೆ ಎಂದು ಗೊತ್ತಾಯಿತು. ನನಗೆ ಒಳಗೊಳಗೇ ಖುಷಿಯಾಯಿತು, ಪಾಪಿ ನಾನು.

ಆರು ಮೇಜಿನ ಹೋಟೆಲು ಅದು. ಅಡುಗೆಮನೆಯ ಕಿಂಡಿಯಿಂದ ಹುರಿದ ಈರುಳ್ಳಿಯ ಹೊಗೆ ಬರುತ್ತಿತ್ತು. ಪಕ್ಕದ ಮೇಜಿನಲ್ಲಿ ಬ್ಯಾಂಕಿನವರಿಬ್ಬರು ಕೆಂಪಗಿನ ಮಟನ್ ಕರಿಗೆ ಬೆವರುತ್ತಿದ್ದರು. ಪೆನ್ಸಿಲ್ ಯಜಮಾನ ಬಂದ. ಗಿಡ್ಡ ನನಗೆ ಬದನೆಕಾಯಿ ಕರಿ ಹೇಳಿದ. ಹೋದ ಸಲ ಪಾಲಕ್ ಇತ್ತು, ಅದಕ್ಕೆ ಮುಂಚೆ ಮೀನು. ನಾನು ಸುಮ್ಮನೆ ತಲೆ ಆಡಿಸಿದೆ, ಗಿಡ್ಡನಿಗೆ ಮಾಮೂಲು ಎಂದು. ಯಜಮಾನ, ಕೆನೆಯ ಚಿಕನ್ ಒಂದು, ಎಂದು ಕಿಂಡಿಯೊಳಗೆ ಕೂಗಿದ.

ಮೇಡಂ ಗಾಬರಿಯಾಗಿ ಗಿಡ್ಡನ ಕಡೆ ನೋಡಿದರು. ಅಯ್ಯೋ, ಇವರು ಕೆನೆ ಹಾಕಿದ್ದು ಮುಟ್ಟುವುದೇ ಇಲ್ಲವಲ್ಲ, ಎಂದುಬಿಟ್ಟರು. ಅದರಲ್ಲಿ ಕೊಂಕು ಇರಲಿಲ್ಲ. ಸಹಾಯ ಮಾಡುವ ಧಾಟಿಯಲ್ಲೇ ಹೇಳಿದರು.

ಮೇಜಿನ ಕೆಳಗೆ ಯಾರೋ ನನ್ನ ಕಾಲಿಗೆ ಒದ್ದರು. ಗಿಡ್ಡನೇ. ಮೇಡಂ ಕಾಲಿಗೆ ಗುರಿ ಇಟ್ಟದ್ದು ನನ್ನ ಕಾಲಿಗೆ ಬಿದ್ದಿತ್ತು. ಆ ಒದೆ ಬೀಳದಿದ್ದರೆ ನಾನು ಆ ಮಾತನ್ನು ನಂಬುತ್ತಿರಲಿಲ್ಲ. ಬಿದ್ದ ಮೇಲೆ ಎಲ್ಲವೂ ತಿಳಿಯಿತು. ಮೇಡಂ ಮುಖ ಕೆಂಪಾಯಿತು, ಅವನ ಊಟ ಹೇಳುವುದು ನಾನು ಎಂದು ತನಗೆ ಗೊತ್ತೇ ಇರಲಿಲ್ಲ ಎಂದರು. ಗಿಡ್ಡ ನಗುತ್ತಾ, ಇವರು ತಮಾಷೆ ಮಾಡ್ತಾರೆ, ಎಂದ. ಅವನ ನಗು ನನಗೆ ಗೊತ್ತಿಲ್ಲವೇ.

ಊಟ ಬಂತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನಾನು ಅವನು ತಿನ್ನುವುದನ್ನು ನೋಡಿದೆ. ಇಷ್ಟು ದಿನ ನೋಡಿಲ್ಲವೇ ಎಂದರೆ, ಇಲ್ಲ. ನನ್ನ ಅಂಗಡಿಯ ಕಥೆ ಹೇಳುತ್ತಿದ್ದೆ, ತಟ್ಟೆ ಖಾಲಿಯಾದದ್ದನ್ನು ಮಾತ್ರ ನೋಡುತ್ತಿದ್ದೆ. ಅವನು ಮೊದಲು ಅರ್ಧ ಗ್ಲಾಸು ನೀರು ಕುಡಿದ. ಒಂದು ತುತ್ತು ಬಾಯಿಗಿಟ್ಟು, ಹೆಚ್ಚು ಅಗಿಯದೆ ನುಂಗಿದ. ಮತ್ತೆ ನೀರು. ಮತ್ತೆ ತುತ್ತು. ನಡುವೆ ಕಣ್ಣು ಒಂದು ಸಲ ಬ್ಯಾಂಕಿನವರ ಮೇಜಿಗೆ ಹೋಗಿ ಬಂತು. ಚಿಕ್ಕವನಿದ್ದಾಗ ಕಹಿ ಔಷಧಿಯನ್ನು ಹೀಗೆಯೇ ಕುಡಿಯುತ್ತಿದ್ದ, ನಾನು ಬೇಸರ ಮಾಡಿಕೊಳ್ಳಬಾರದೆಂದು.

"ಚೆನ್ನಾಗಿದೆ ಅಕ್ಕ," ಎಂದ.

ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂತು. ಯಾಕೋ ಇಷ್ಟು ವರ್ಷ ಬಾಯಿ ಬಿಡಲಿಲ್ಲ ಎಂದು ಗದರಿದೆ. ಮೊದಲ ಸಲ ಇದನ್ನ ತಿಂದಾಗ ನೀನು ಅಳ್ತಿದ್ದೆ ಅಕ್ಕ, ಎಂದ. ಕಾಮಾಲೆಯಲ್ಲಿ ಅವನು ಉಳಿಯುವುದಿಲ್ಲ ಎಂದುಕೊಂಡಿದ್ದೆನಲ್ಲ, ಅವನು ಊಟ ಮಾಡಿದ್ದು ನೋಡಿ ಆ ಮೇಜಿನಲ್ಲೇ ಅತ್ತಿದ್ದೆನಂತೆ. ನನಗೆ ನೆನಪಿರುವುದು ಸಮಾಧಾನ ಮಾತ್ರ, ಅತ್ತದ್ದು ಮರೆತೇ ಹೋಗಿತ್ತು. ಅದಾದ ಮೇಲೆ ಬೇಡ ಎನ್ನಲು ಅವನಿಗೆ ಬಾಯಿ ಬರಲಿಲ್ಲವಂತೆ. ಒಂದು ವರ್ಷ ಕಳೆಯಿತು, ಐದು ವರ್ಷ ಕಳೆಯಿತು, ಇನ್ನು ಹೇಳಿದರೆ ಅಕ್ಕನಿಗೆ ಹಿಂದಿನದೆಲ್ಲ ಸುಳ್ಳು ಅನ್ನಿಸುತ್ತದೆ ಎಂದು ಸುಮ್ಮನಾದನಂತೆ.

ಹಾಗಾದರೆ ನನಗೆ ವಾರವಾರವೂ ಬೇರೆ ಬೇರೆ ಹೇಳುವುದು ಯಾಕೆ ಎಂದು ಕೇಳಿದೆ. ನನಗೆ ಏನಿಷ್ಟ ಎಂದು ನಾನು ಯಾವತ್ತೂ ಹೇಳಿಲ್ಲವಂತೆ. ಅದಕ್ಕೆ ಒಳಗೆ ಹೋಗಿ ಅಡುಗೆಯವರನ್ನು ಕೇಳಿ, ಒಂದೊಂದಾಗಿ ತರಿಸಿ, ನನ್ನ ಮುಖ ನೋಡುತ್ತಾನಂತೆ. ಚೆನ್ನಾಗಿದ್ದರೆ ನಾನು ಮಾತು ನಿಲ್ಲಿಸುತ್ತೇನಂತೆ.

ಮೇಡಂ ತಲೆ ತಗ್ಗಿಸಿ ಕೂತಿದ್ದರು. ಇವನಿಗೆ ಕೆನೆ ಆಗುವುದಿಲ್ಲ ಎಂದು ನಿಮಗೆ ಯಾವಾಗ ಗೊತ್ತಾಯಿತು ಎಂದು ಅವರನ್ನು ಕೇಳಿದೆ. ಅವರಲ್ಲಿ ತಪ್ಪು ಹುಡುಕುವ ಬುದ್ಧಿ ನನ್ನಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು.

"ಎರಡನೇ ದಿನ," ಎಂದರು. "ಏನು ತಿಂತೀರಿ ಅಂತ ಕೇಳಿದೆ."

ಅಷ್ಟೆ. ಕೇಳಿದ್ದರು.

ನನ್ನ ಬಾಯಲ್ಲಿ ಬೇಡ ಎಂಬ ಮಾತು ವಾರದಿಂದ ಸಿದ್ಧವಾಗಿತ್ತು. ಅದನ್ನು ಈಗ ಹೇಳಿದ್ದರೆ ಏನಾಗುತ್ತಿತ್ತು ಎಂದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು. ಗಿಡ್ಡ, ಸರಿ ಅಕ್ಕ, ಎನ್ನುತ್ತಿದ್ದ. ಅರ್ಧ ಗ್ಲಾಸು ನೀರು ಕುಡಿದು ಅದನ್ನೂ ನುಂಗುತ್ತಿದ್ದ. ಮುಂದಿನ ಇಪ್ಪತ್ತೆರಡು ವರ್ಷ ಗುರುವಾರ ಗುರುವಾರ ನನ್ನ ಎದುರು ಕೂತು, ಚೆನ್ನಾಗಿದ್ದೀನಿ ಅಕ್ಕ, ಎನ್ನುತ್ತಿದ್ದ. ನಾನು ನಂಬುತ್ತಿದ್ದೆ.

ಅವನ ತಟ್ಟೆಯನ್ನು ಎಳೆದು ನನ್ನ ಕಡೆ ಇಟ್ಟುಕೊಂಡೆ. ಅವನು ಬಿಡು ಅಕ್ಕ, ತಿಂತೀನಿ ಎಂದು ಕೈ ಚಾಚಿದ. ಕೈಗೆ ಒಂದು ಏಟು ಹಾಕಿದೆ.

"ಗಿಡ್ಡ, ನನ್ನ ಮುಖ ನೋಡ್ಬೇಡ. ಆ ಗೋಡೆ ನೋಡ್ಕೊಂಡು ಹೇಳು. ನಿಂಗೆ ಏನು ಬೇಕು?"

ಊಟದ ಬಗ್ಗೆ ಕೇಳುತ್ತಿಲ್ಲ ಎಂದು ಅವನಿಗೆ ತಿಳಿಯಿತು. ಆರಡಿ ಎರಡಂಗುಲದ ನನ್ನ ತಮ್ಮ ಗೋಡೆ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ, ಪಕ್ಕದಲ್ಲಿದ್ದ ಮೇಡಂ ಕಡೆಗೆ ನೋಡಿದ. ಗಿಡ್ಡ ಎಷ್ಟೋ ಹೊತ್ತು ತಡವರಿಸಿದ. ನಾನು ಒಮ್ಮೆಯೂ ಬಾಯಿ ಹಾಕಲಿಲ್ಲ. ನನ್ನ ಜನ್ಮದಲ್ಲಿ ನಾನು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು.

"ಇವರನ್ನ ಮದುವೆ ಆಗ್ಬೇಕು ಅಕ್ಕ," ಎಂದ. "ನೀನು ಬೇಡ ಅಂದ್ರೂ."

ಹೇಳಿದ ಮೇಲೆ ಅವನೇ ಬೆಚ್ಚಿದ. ಹನ್ನೊಂದು ವರ್ಷದವನಾಗಿದ್ದಾಗಿನಿಂದ ಅವನು ನನಗೆ ಎದುರಾಡಿದ್ದಿಲ್ಲ. ನೋಯಲಿಲ್ಲ ಎಂದರೆ ಸುಳ್ಳಾಗುತ್ತದೆ, ಚೆನ್ನಾಗಿಯೇ ನೋಯಿತು. ಆದರೆ ಅವನ ಬಾಯಿಂದ ಕೊನೆಗೂ ಅವನದೇ ಒಂದು ಮಾತು ಬಂದಿತ್ತು. ಅದು ನನ್ನ ಕಿವಿಗೆ ಬಿದ್ದಾಗ ಆದ ಸಂತೋಷಕ್ಕೆ ನೋವು ಮೂಲೆ ಸೇರಿತು. ನನಗೆ ಅಳು ಬಂತು. ಈ ಸಲ ಇಬ್ಬರೂ ನೋಡಿದರು, ಮರೆಯುವ ಹಾಗಿಲ್ಲ.

"ಬೇಡ ಅನ್ನೋಕೆ ನಾನ್ಯಾರೋ," ಎಂದೆ. "ಆಗು."