ಗೋಡೆಯ ಮೇಲಿನ ವಂದನೆಗಳು

ಬೀಗ ರಿಪೇರಿಯವನಿಗೆ ಆ ಕಸುಬು ಒಗ್ಗಿದ್ದೇ ಅದರಲ್ಲಿ ಬಾಯಿಗೆ ಹೆಚ್ಚು ಕೆಲಸವಿಲ್ಲ ಎಂಬ ಕಾರಣಕ್ಕೆ. ಬಾಗಿಲಗಲದ ಅಂಗಡಿ. ಬಂದವರು ಕೀಲಿಕೈ ಚಾಚುತ್ತಾರೆ, ಅವನು ಅರ ಹಿಡಿದು ಉಜ್ಜಿ ಅದರ ಜೋಡಿ ಮಾಡಿಕೊಡುತ್ತಾನೆ. ಎಷ್ಟು ಹೊತ್ತು ಎಂದು ಕೇಳಿದರೆ ಬೆರಳೆತ್ತಿ ತೋರಿಸುತ್ತಾನೆ. ಚಿಕ್ಕಂದಿನಿಂದ ಅವನಿಗೆ ಉಗ್ಗು. ಪ, ಬ, ಮ ಎದುರಾದರಂತೂ ತುಟಿಗಳು ಅಂಟಿಕೊಂಡೇಬಿಡುತ್ತಿದ್ದವು.

ಅವನ ತಾಯಿ ವರ್ಷಕ್ಕೊಮ್ಮೆ ಗುಡ್ಡದ ಮೇಲಿನ ದೇವಮಾತೆಯ ಪುಟ್ಟ ಕ್ರೈಸ್ತ ಗುಡಿಗೆ ಹೋಗಿಬರುತ್ತಿದ್ದಳು. ಜೊತೆಗೆ ಅಕ್ಕ. ಇವನು ಒಮ್ಮೆಯೂ ಹೋದವನಲ್ಲ. ತನ್ನ ನಾಲಿಗೆ ನೆಟ್ಟಗಾಗಲಿ ಎಂದು ಬೇಡಿಕೊಳ್ಳುವುದಕ್ಕೇ ಅಮ್ಮ ಅಷ್ಟು ದೂರ ಹೋಗುವುದು ಎಂದು ಅವನು ಎಂದೋ ತೀರ್ಮಾನಿಸಿಬಿಟ್ಟಿದ್ದ. ಬೇಡಿಕೆಯೂ ಈಡೇರಿರಲಿಲ್ಲ. ಇನ್ನು ಯಾವ ಮುಖ ಹೊತ್ತು ಅಲ್ಲಿ ನಿಲ್ಲುವುದು?

ಈ ವರ್ಷ ಅಕ್ಕ ಮೆಟ್ಟಿಲಲ್ಲಿ ಕಾಲು ಜಾರಿ ಪ್ಲಾಸ್ಟರ್ ಹಾಕಿಸಿಕೊಂಡಳು. ಅಮ್ಮನಿಗೆ ಆಗಲೇ ಎರಡೂ ಕಣ್ಣು ಹೋಗಿದ್ದವು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಅಂಗಡಿಗೆ ಬೀಗ ಜಡಿದು, ಅಮ್ಮನ ಕೈಹಿಡಿದು ಬಸ್ಸು ಹತ್ತಿದ.

ಗುಡಿಯೆಂದರೆ ಒಂದೇ ಕೋಣೆ. ಮುಂದೆ ಮೇಣದಬತ್ತಿಗಳ ಕಟ್ಟೆ, ಹತ್ತಿಪ್ಪತ್ತು ಜನರ ಸಾಲು. ಬಾಗಿಲ ಪಕ್ಕದ ಗೋಡೆಯ ತುಂಬ ಅಂಗೈಯಗಲದ ಕಲ್ಲಿನ ಹಲಗೆಗಳು. ಹರಕೆ ಫಲಿಸಿದವರು ಕೆತ್ತಿಸಿ ತಂದು ಗೋಡೆಗೆ ಹಚ್ಚಿಸಿದ ವಂದನೆಗಳು.

"ನಿಮ್ಮಕ್ಕ ಎಲ್ಲಾನೂ ಓದಿ ಹೇಳ್ತಿದ್ಲು. ಈ ಸಲ ನೀನು ಓದು," ಎಂದಳು ಅಮ್ಮ.

"ಇ... ಇಷ್ಟೊಂದು ಜನ ಇದಾರಮ್ಮ."

"ಇರ್ಲಿ. ಅವರೇನು ನಿನ್ನ ತಿಂದ್ಕೋತಾರಾ?"

ಅವನು ಗಂಟಲು ಸರಿಮಾಡಿಕೊಂಡು ಶುರುಮಾಡಿದ. "ಆ... ಆಪರೇಷನ್ ಚೆನ್ನಾಗಾಯ್ತು, ವಂದನೆ." ಮುಂದಿನದು: "ಗಂಡ ಕುಡಿತ ಬಿ... ಬಿ... ಬಿ..."

"ಬಿಟ್ಟ!" ಎಂದ ಸಾಲಿನಲ್ಲಿದ್ದ ಕೋಟಿನ ಯಜಮಾನ. ಅದರ ನಂತರದ ಹಲಗೆಯಲ್ಲೂ ಹಾಗೇ ಆಯಿತು. ಇವನ ತುಟಿ ಅಂಟಿದೊಡನೆ ಆತ ಉಳಿದದ್ದನ್ನು ಒಪ್ಪಿಸಿಬಿಟ್ಟ. ಉಪಕಾರ ಮಾಡುತ್ತಿದ್ದೇನೆ ಎಂದೇ ಪಾಪ ಆತನ ಎಣಿಕೆ. ಬೀಗದವನ ಕಿವಿ ಕೆಂಪಾಯಿತು. ಸಾಕು ನಡಿಯಮ್ಮ ಎಂದು ಅವಳ ತೋಳು ಹಿಡಿದೆಳೆದ.

ಅಮ್ಮ ಕದಲಲಿಲ್ಲ. ದನಿ ಬಂದ ಕಡೆಗೆ ಮುಖ ತಿರುಗಿಸಿ, "ಸ್ವಾಮಿ, ನಮಗೇನೂ ಬಸ್ಸು ತಪ್ಪೋದಿಲ್ಲ," ಎಂದಳು. "ನನ್ನ ಮಗನ ಮಾತನ್ನ ನನ್ನ ಮಗನೇ ಮುಗಿಸ್ತಾನೆ."

ಕೋಟಿನವನು ಬಾಯಿಗೆ ಬೀಗ ಹಾಕಿಕೊಂಡ. ಅಮ್ಮ ಗೋಡೆಯನ್ನು ತಡವುತ್ತಾ ಬಗ್ಗಿದಳು. ಬೆರಳುಗಳು ಕೆಳಸಾಲಿನಲ್ಲಿ ಒಂದೊಂದೇ ಹಲಗೆ ದಾಟಿ, ಮೂಲೆ ಒಡೆದಿದ್ದೊಂದರ ಮೇಲೆ ನಿಂತವು.

"ಇದನ್ನ ಓದು."

ಅವನು ಮಂಡಿಯೂರಿದ. ಅಕ್ಷರಗಳು ಮಾಸಿದ್ದವು. ಮೊದಲು ಮನಸ್ಸಿನಲ್ಲೇ ಓದಿಕೊಂಡ. ಇನ್ನೊಮ್ಮೆ ಓದಿಕೊಂಡ.

"ಗಟ್ಟಿಯಾಗಿ ಓದು."

"ಐದು ವರ್ಷಕ್ಕೆ ನನ್ನ ಮ... ಮ..." ತುಟಿ ಅಂಟಿತು. ಸಾಲಿನಲ್ಲಿ ಯಾರೂ ಉಸಿರೆತ್ತಲಿಲ್ಲ. ಅಮ್ಮನಿಗೂ ಅವಸರವಿರಲಿಲ್ಲ. "...ಮಗ ಮಾ... ಮಾತಾಡಿದ. ಉಗ್ಗಿದರೂ ಮಾತಾಡಿದ. ಇನ್ನೇನೂ ಬೇ... ಬೇಡ ತಾಯೀ. ವಂದನೆ."

ಕೆಳಗೆ ಹೆಸರಿರಲಿಲ್ಲ.

"ನೀ... ನೀನಾ?"

"ಮತ್ತಿನ್ಯಾರು? ಐದು ತುಂಬೋವರೆಗೂ ನಿನ್ನ ಬಾಯಿಂದ ಒಂದು ಶಬ್ದ ಹೊರಡ್ಲಿಲ್ಲ ಕಣೋ. ಮೂಗನೇ ಅಂತ ಎಲ್ಲರೂ ಕೈ ತೊಳ್ಕೊಂಡಿದ್ರು. ಒಂದಿನ ಒಲೆ ಮುಂದೆ ಕೂತು 'ಅ... ಅ... ಅಮ್ಮ, ಹಸಿವು' ಅಂದೆ. ಅವತ್ತು ಅತ್ತಿದ್ದು ಅಷ್ಟಿಷ್ಟಲ್ಲ. ಮಾರನೇ ವಾರನೇ ಬಂದು ಈ ಕಲ್ಲು ಹಾಕಿಸ್ದೆ."

"ಹಾಗಾದ್ರೆ ಇಷ್ಟು ವರ್ಷ ಏನು ಬೇ... ಬೇಡ್ಕೊಳ್ಳೋಕೆ ಬರ್ತಿದ್ದೆ?"

"ಬೇಡ್ಕೊಳ್ಳೋದಾ? ಥ್ಯಾಂಕ್ಸ್ ಹೇಳೋಕೆ ಬರ್ತಿದ್ದೆ. ಇದನ್ನ ಮಾತ್ರ ಗಟ್ಟಿಯಾಗಿ ಓದ್ಬೇಡ, ಅವನೇ ಬಂದು ಓದ್ಲಿ ಅಂತ ನಿಮ್ಮಕ್ಕನ ಬಾಯಿ ಕಟ್ಟಿದ್ದೆ. ನೀನೋ, ಬರೋಕೆ ನಲವತ್ತು ವರ್ಷ ತಗೊಂಡೆ."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಬೀಗದವನಿಗೂ ನಗು ಬಂತು. ನಗುವಿನ ಹಿಂದೆಯೇ ಕಣ್ಣೀರೂ ಬಂತು. ತನ್ನ ಯಾವ ನಾಲಿಗೆಯನ್ನು ಅವನು ಜೀವಮಾನವಿಡೀ ಬಚ್ಚಿಟ್ಟಿದ್ದನೋ, ಅದಕ್ಕಾಗಿ ಒಬ್ಬಳು ಇಲ್ಲಿ ಕಲ್ಲು ಹಾಕಿಸಿ ಸಂಭ್ರಮಪಟ್ಟಿದ್ದಳು. ತೋಳಿನಿಂದ ಮುಖ ಒರೆಸಿಕೊಂಡು ಎದ್ದ. ಪಕ್ಕದ ಹಲಗೆಗೆ ಹೋದ. ಅದರ ಪಕ್ಕದ್ದಕ್ಕೆ ಹೋದ. ಸಿಕ್ಕಿಕೊಂಡಲ್ಲಿ ನಿಂತ, ಬಿಡಿಸಿಕೊಂಡು ಮುಂದೆ ನಡೆದ. ಕಳೆದ ಮಗಳು ಸಿಕ್ಕಿದ್ದಕ್ಕೆ, ಯುದ್ಧ ಮುಗಿದದ್ದಕ್ಕೆ, ಕೇಳಿದ್ದು ಸಿಗದಿದ್ದರೂ ನೆಮ್ಮದಿ ಸಿಕ್ಕಿದ್ದಕ್ಕೆ, ಎಲ್ಲರ ವಂದನೆಗೂ ತನ್ನ ದನಿ ಕೊಟ್ಟ. ಮೇಣದಬತ್ತಿ ಹಚ್ಚಲು ನಿಂತಿದ್ದವರು ಸಾಲು ಬಿಟ್ಟು ಇವನ ಸುತ್ತ ಸೇರಿದರು.

ಮೇಲಿನ ಸಾಲು ಕಣ್ಣಿಗೆ ಎಟುಕಲಿಲ್ಲ. ಗುಡಿ ನೋಡಿಕೊಳ್ಳುವ ಮುದಿ ಸಿಸ್ಟರ್ ಒಳಗಿನಿಂದ ಸ್ಟೂಲು ತಂದಿಟ್ಟರು. ಕೋಟಿನವನೇ ಮುಂದೆ ಬಂದು ಅದನ್ನು ಅಲುಗದಂತೆ ಹಿಡಿದುಕೊಂಡ. ಬೀಗದವನು ಹತ್ತಿ ನಿಂತು ಓದಿದ.

"ಸ್ವಲ್ಪ ಜೋರಾಗಿ ಹೇಳಪ್ಪಾ, ಇಲ್ಲಿಗೆ ಕೇಳಿಸ್ಲಿಲ್ಲ!" ಎಂದು ಹಿಂದಿನಿಂದ ಅಜ್ಜಿಯೊಬ್ಬಳು ಕೂಗಿದಳು.

"ಮ... ಮತ್ತೆ ಹೇಳ್ತೀನಿ ಅಜ್ಜೀ, ಕೇಳಿ," ಎಂದು ಅವನು ಎದೆಯ ತುಂಬ ಗಾಳಿ ಎಳೆದುಕೊಂಡ.