ಉಳಿದ ಒಂದೇ ಹುದ್ದೆ

ಬಳೆ ಬೆರಳಿನ ಗಂಟಿನಲ್ಲೇ ಸಿಕ್ಕಿಕೊಂಡಿತು. ಕೃಪಾ ಆ ತಣ್ಣನೆಯ ಕೈಗೆ ಕೊಬ್ಬರಿ ಎಣ್ಣೆ ಸವರಿ ಇನ್ನೊಮ್ಮೆ ಒತ್ತಿದಳು.

“ಫೋರ್ಸ್ ಮಾಡ್ಬೇಡಿ ಕೃಪಕ್ಕ, ಅಮ್ಮಂಗೆ ನೋವಾ...” ಎಂದ ಅನಘಾ ಮಾತನ್ನು ಅರ್ಧಕ್ಕೇ ನುಂಗಿದಳು. ಸುದ್ದಿ ಕೇಳಿ ಮೆಲ್ಬರ್ನ್‌ನಿಂದ ಓಡಿಬಂದಿದ್ದ ಮಗಳು ಈ ಆರು ದಿನದಲ್ಲಿ ಒಮ್ಮೆಯೂ ಅತ್ತಿರಲಿಲ್ಲ.

“ಆಯ್ತು, ಹೋಯ್ತು ನೋಡು,” ಎಂದಳು ಕೃಪಾ. ಹಸಿರು ಬಳೆ ಚಂದ್ರಪ್ರಭಾ ಆಂಟಿಯ ಮಣಿಕಟ್ಟಿಗೆ ಜಾರಿತು. ಮುತ್ತೈದೆ ಸಾವು. ಅನಘಾ ಕುಂಕುಮದ ಬಟ್ಟಲು ತೆಗೆದುಕೊಂಡಳು. ಕೃಪಾ ಕೈ ಒರೆಸಿಕೊಂಡು ಹೊರಗೆ ಬಂದಳು.

ಚಿತಾಗಾರದ ಕಾರ್ ಪಾರ್ಕಿನಲ್ಲಿ ಸಿಡ್ನಿಯ ಬಡಾವಣೆ ಗಿರಾವೀನ್‌ನ ಹತ್ತಿಪ್ಪತ್ತು ಜನ ನಿಂತಿದ್ದರು. ಆಂಟಿಯ ಪಕ್ಕದ ಮನೆಯ ರಾಜಣ್ಣನದೇ ದೊಡ್ಡ ದನಿ.

“ಎಜುಕೇಶನ್ ಡಿಪಾರ್ಟ್‌ಮೆಂಟ್‌ನೋರು ಆಫೀಸಲ್ಲಿ ಕೂತು ರೂಲ್ ಮಾಡ್ತಾರೆ ಕಣ್ರೀ. ಯಾವ ಮಗೂಗೆ ಯಾರು ಬೇಕು ಅಂತ ಅವರಿಗೇನ್ ಗೊತ್ತು? ಮೊದಲೆಲ್ಲ ಬಜೆಟ್ ಸ್ಕೂಲಿನ ಕೈಲೇ ಇರ್ತಿತ್ತು.”

ಕೃಪಾ ತಲೆ ತಗ್ಗಿಸಿದಳು.

*

ಚಿತ್ರದುರ್ಗದ ಸರ್ಕಾರಿ ಶಾಲೆಯಲ್ಲಿ ಇಪ್ಪತ್ತು ವರ್ಷ ಟೀಚರಾಗಿದ್ದ ಚಂದ್ರಪ್ರಭಾಳ ಬಿ.ಎಡ್. ಸಿಡ್ನಿಯಲ್ಲಿ ಲೆಕ್ಕಕ್ಕೆ ಬರಲಿಲ್ಲ. ಹಾಗಾಗಿ ಅವಳು, ಕೃಪಾ ಗುಮಾಸ್ತೆಯಾಗಿದ್ದ ಶಾಲೆಯಲ್ಲಿ ತರಗತಿಯ ಸಹಾಯಕಿಯಾಗಿ ಸೇರಿದಳು. ಒಂಬತ್ತು ವರ್ಷದ ಆದ್ಯಾಳ ಪಕ್ಕ ಕೂರುವುದೇ ಕೆಲಸ. ಆದ್ಯಾಗೆ ಮಾತು ಬಾರದು. ಆಗಾಗ ಫಿಟ್ಸ್ ಬರುತ್ತಿತ್ತು. ಬರುವ ಮೊದಲೇ ಮಗುವಿನ ಮುಖ ನೋಡಿ ತಿಳಿದುಕೊಳ್ಳುತ್ತಿದ್ದವಳು ಚಂದ್ರಪ್ರಭಾ ಒಬ್ಬಳೇ.

ಫೆಬ್ರವರಿಯಲ್ಲಿ ಹೊಸ ಆದೇಶ ಬಂತು. ಯಾವುದಕ್ಕೆ ಎಷ್ಟು ಎಂಬುದನ್ನು ಇನ್ನು ಇಲಾಖೆಯೇ ತೀರ್ಮಾನಿಸುತ್ತದೆ. ಅವರ ಪಟ್ಟಿಯಲ್ಲಿಲ್ಲದ ಹುದ್ದೆಗಳು ನಿಲ್ಲಬೇಕು. ಪಟ್ಟಿಯ ಹೊರಗೆ ಎರಡು ಹುದ್ದೆಗಳಿದ್ದವು: ಚಂದ್ರಪ್ರಭಾಳದು, ಕೃಪಾಳದು. ಶಾಲೆಯ ಕೈಯಲ್ಲಿ ಉಳಿದ ಹಣ ಒಂದಕ್ಕೆ ಮಾತ್ರ ಸಾಲುತ್ತಿತ್ತು.

ಪ್ರಿನ್ಸಿಪಾಲ್ ಬಾಗಿಲು ಹಾಕಿ ಕೃಪಾಳನ್ನೇ ಕೇಳಿದರು: ಆದ್ಯಾಳ ಮನೆಯವರ ಭಾಷೆ ಬಲ್ಲವಳು ನೀನು, ಆ ಹುಡುಗಿಗೆ ಚಂದ್ರಪ್ರಭಾ ಇಲ್ಲದೆ ನಡೆಯುತ್ತದೆಯೇ?

ನಡೆಯುವುದಿಲ್ಲವೆಂದು ಕೃಪಾಗೆ ಗೊತ್ತಿತ್ತು. ತನ್ನ ಗಂಡನ ಕೆಲಸ ಹೋಗಿ ಮೂರು ತಿಂಗಳಾಗಿತ್ತು. ಮಾರ್ಟ್‌ಗೇಜ್ ಕಂತು ಕಣ್ಣ ಮುಂದೆ ಬಂತು.

“ಮ್ಯಾನೇಜ್ ಮಾಡಬಹುದು,” ಎಂದಳು.

ಚಂದ್ರಪ್ರಭಾಳನ್ನು ಕೆಲಸದಿಂದ ಬಿಡಿಸುವ ಪತ್ರವನ್ನು ಟೈಪ್ ಮಾಡಿದವಳೂ ಕೃಪಾಳೇ. ‘ಇಲಾಖೆಯ ಆದೇಶದಂತೆ’ ಎಂದೇ ಅದು ಶುರುವಾಗುತ್ತಿತ್ತು. ಚಂದ್ರಪ್ರಭಾ ನಿಂತಲ್ಲೇ ಓದಿ, ಕನ್ನಡಕ ತೆಗೆದಳು.

“ಪಾಪ, ಇದನ್ನ ನಿನ್ ಕೈಲೇ ಟೈಪ್ ಮಾಡ್ಸಿದ್ರಾ?”

ಆಮೇಲೆ ಆದ್ಯಾಳನ್ನು ಶಾಲೆಯವರು ಹನ್ನೊಂದಕ್ಕೇ ಮನೆಗೆ ಕಳಿಸತೊಡಗಿದರು. ಚಂದ್ರಪ್ರಭಾ ದಿನವೂ ಮಗುವಿನ ಮನೆಗೆ ನಡೆದುಹೋಗಿ, ಸಂಬಳವಿಲ್ಲದೆ, ಸಂಜೆಯವರೆಗೆ ಪಾಠ ಹೇಳುತ್ತಿದ್ದಳು. ಕಳೆದ ಸೋಮವಾರ ಆ ಮನೆಗೆ ಇನ್ನೆರಡು ಗೇಟು ಇರುವಾಗ ಫುಟ್‌ಪಾತಿನ ಮೇಲೆ ಎದೆ ಹಿಡಿದುಕೊಂಡು ಕುಸಿದಳು.

*

“ಕೃಪಾ, ಬಾಮ್ಮ.” ಚಂದ್ರಪ್ರಭಾಳ ಗಂಡ ಸತ್ಯನಾರಾಯಣ ಕರೆದರು. ಒಗೆದ ಪಂಚೆಯ ಮೇಲೆ ಮಗಳ ಕಪ್ಪು ಕೋಟು ಹಾಕಿಕೊಂಡಿದ್ದರು. “ಸ್ಕೂಲ್ ಕಡೆಯಿಂದ ನೀನೇ ಎರಡು ಮಾತಾಡ್ಬೇಕು. ಅವಳು ಯಾವಾಗ್ಲೂ ಹೇಳೋಳು, ಕೃಪಾ ಕೈಲಿದ್ದಿದ್ರೆ ನನ್ನ ಬಿಡ್ತಿರ್ಲಿಲ್ಲ ಅಂತ.”

“ಅಂಕಲ್, ನನ್ನ ಕೈಲಿತ್ತು.”

ಸರಿಯಾಗಿ ಕೇಳಿಸದವರಂತೆ ಅವರು ಮುಂದೆ ಬಾಗಿದರು.

“ಒಬ್ಬರನ್ನ ಉಳಿಸ್ಕೋಬಹುದಿತ್ತು. ಆಂಟಿ ಇಲ್ದೆ ನಡಿಯುತ್ತೆ ಅಂತ ನಾನೇ ಹೇಳ್ದೆ. ನನ್ನ ಕೆಲಸ ಹೋಗುತ್ತಲ್ಲ ಅಂತ.”

ರೈಲೊಂದು ದೂರದಲ್ಲಿ ಹಾದುಹೋಯಿತು. ಸತ್ಯನಾರಾಯಣ ಕೋಟಿನ ಗುಂಡಿಯನ್ನು ಹಾಕಿದರು, ಬಿಚ್ಚಿದರು.

“ಅವಳಿಗೆ ಗೊತ್ತಾಗ್ಲಿಲ್ಲವಲ್ಲ. ಅಷ್ಟು ಸಾಕು,” ಎಂದರು ಕೊನೆಗೆ. “ನೀವು ಮಾತಾಡೋದು ಬೇಡ. ಒಳಗೆ ಹೋಗಿ ಕೂತ್ಕೊಳ್ಳಿ.”

ಇಷ್ಟು ವರ್ಷದಲ್ಲಿ ಅವರು ಅವಳನ್ನು ‘ನೀವು’ ಎಂದದ್ದು ಇದೇ ಮೊದಲು.

ಒಳಗೆ ಸಭಾಂಗಣ ತುಂಬಿಹೋಗಿತ್ತು. ಖಾಲಿ ಇದ್ದದ್ದು ಒಂದೇ ಕುರ್ಚಿ, ತಾಯಿಯ ಜೊತೆ ಕೂತಿದ್ದ ಆದ್ಯಾಳ ಪಕ್ಕದಲ್ಲಿ. ಕೃಪಾ ಸಾಲಿನೊಳಗೆ ನುಸುಳಿ ಕೂರಲು ಬಾಗಿದಳು. ಹುಡುಗಿ ತಲೆಯೆತ್ತಲಿಲ್ಲ. ಎಡಗೈ ಚಾಚಿ, ಅಂಗೈಯನ್ನು ಕುರ್ಚಿಯ ಮೇಲೆ ಅಗಲವಾಗಿ ಊರಿದಳು.

ಕೃಪಾ ಹಿಂದೆ ಸರಿದು ಗೋಡೆಗೆ ಒರಗಿ ನಿಂತಳು. ಶವಪೆಟ್ಟಿಗೆ ನಿಧಾನವಾಗಿ ಪರದೆಯಾಚೆ ಸರಿಯಿತು. ಜನ ಒಬ್ಬೊಬ್ಬರಾಗಿ ಎದ್ದರು. ಆ ಪುಟ್ಟ ಕೈ ಮಾತ್ರ ಕುರ್ಚಿಯ ಮೇಲೆ ಹಾಗೇ ಇತ್ತು.