ಮೂಲೆಯ ಮೀನು

ಶರ್ಟ್ ಕಾರ್ಖಾನೆಯ ಕಟಿಂಗ್ ವಿಭಾಗದಲ್ಲಿ ನನಗೆ ಹನ್ನೊಂದು ವರ್ಷವಾಯಿತು. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ನೂರು ಪದರ ಹಾಸಿ, ಮೇಲೆ ರಟ್ಟಿನ ಅಚ್ಚುಗಳನ್ನಿಟ್ಟು, ಸುತ್ತ ಚಾಕ್‌ಪೀಸಿನಿಂದ ಗೆರೆ ಎಳೆಯುತ್ತೇವೆ. ತೋಳು, ಬೆನ್ನು, ಕಾಲರು ಎಲ್ಲವೂ ಒಂದೇ ಹೊದಿಕೆಯೊಳಗೆ ಮಲಗಿದ ಮಕ್ಕಳ ಹಾಗೆ ಒತ್ತಿಕೊಂಡು ಕೂರಬೇಕು. ಎಲ್ಲ ಸರಿಯಿದ್ದರೆ ಮಾಸ್ಟರು ಬಟ್ಟೆಯ ಮೂಲೆಯಲ್ಲಿ ತಮ್ಮ ಗುರುತು ಬರೆಯುತ್ತಾರೆ. ಗುರುತು ಕಾಣದೆ ಮೆಷಿನ್‌ನವನು ಬ್ಲೇಡು ಮುಟ್ಟುವುದಿಲ್ಲ. ನಮ್ಮ ಹಳೆ ಮಾಸ್ಟರ ಗುರುತು ಒಂದು ಮೀನು.

ಅವರ ಕೈ ನಡುಗತೊಡಗಿದ ಮೇಲೆ ಮೀನನ್ನೂ ನಾನೇ ಬರೆಯುತ್ತಿದ್ದೆ. ಗೆರೆಗಳಂತೂ ಎಷ್ಟೋ ವರ್ಷದಿಂದ ನನ್ನವೇ. ಹಾಜರಿ ಪುಸ್ತಕದಲ್ಲಿ ಮಾತ್ರ ನಾನು ಹೆಲ್ಪರ್.

ನಿವೃತ್ತಿಯ ದಿನ ಅವರು ತಮ್ಮ ಕತ್ತರಿಯನ್ನು ನನ್ನ ಕೈಗಿಟ್ಟು, "ಇನ್ನು ಈ ಮೇಜು ನಿಂದು ಕಣಮ್ಮ. ಮ್ಯಾನೇಜರಿಗೂ ಹೇಳಿದೀನಿ," ಎಂದರು. ಅದನ್ನು ಮಗಳಿಗೆ ಹೇಳಬಾರದಿತ್ತು. ಹೇಳಿಬಿಟ್ಟೆ. ಅಂದಿನಿಂದ ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುವಾಗಲೆಲ್ಲ ಅವಳದ್ದು ಒಂದೇ ಪ್ರಶ್ನೆ: "ಅಮ್ಮಾ, ಮಾಸ್ಟರ್ ಆದ್ಯಾ?"

ಮ್ಯಾನೇಜರು ಹತ್ತು ದಿನ ಬಿಟ್ಟು ಕರೆದರು.

"ನಿನ್ನ ಕೈ ಚೆನ್ನಾಗಿದೆಯಮ್ಮ, ಇಲ್ಲ ಅನ್ನಲ್ಲ. ಆದ್ರೆ ಮಾಸ್ಟರ್ ಅಂದ್ಮೇಲೆ ಸಂಜೆ ಏಳರವರೆಗೂ ನಿಲ್ಬೇಕು. ಮನೇಲಿ ಮಗು ಇದೆ ನಿಂಗೆ."

"ಈಗ್ಲೂ ಏಳಕ್ಕೇ ಹೋಗೋದು ಸಾರ್."

"ಅದು ಬೇರೆ. ಮೆಷಿನ್‌ನವರು ಹೆಂಗಸಿನ ಮಾತು ಕೇಳ್ತಾರಾ, ನೀನೇ ಹೇಳು."

ಗೋಡೆಯಾಚೆ ಮೆಷಿನ್‌ನವನು ನನ್ನ ಗೆರೆಯ ಮೇಲೆ ಬ್ಲೇಡು ಓಡಿಸುವ ಸದ್ದು ಕೇಳುತ್ತಿತ್ತು. ಅಳು ಬರಬಹುದು ಅಂದುಕೊಂಡೆ, ಬರಲಿಲ್ಲ. ಹಾಲು ಉಕ್ಕುತ್ತದೆಂದು ಕಾದು ನಿಂತವಳಿಗೆ ಒಲೆ ಆರಿಹೋಗಿದ್ದು ಆಮೇಲೆ ತಿಳಿದ ಹಾಗಾಯಿತು.

ಹೊಸ ಮಾಸ್ಟರು ಬಂದ. ಎತ್ತರದ ಆಳು. ಹೊಲಿಗೆಯ ಹುಡುಗಿಯರು ಮೊದಲ ದಿನವೇ ಏಣಿ ಎಂದು ಹೆಸರಿಟ್ಟರು. ಕೆಟ್ಟವನೇನಲ್ಲ.

"ಅಕ್ಕಾ, ನಂಗೂ ಮೀನೇ ಇರ್ಲಿ. ನೀವೇ ಬರ್ದುಬಿಡಿ, ಅಭ್ಯಾಸ ಇದೆಯಲ್ಲ," ಎಂದ.

ಬರೆದೆ.

ಮೂರನೆಯ ವಾರ ಎಲೆಯ ಚಿತ್ರವಿದ್ದ ಬಟ್ಟೆ ಬಂತು. ಎಲ್ಲ ಎಲೆಗಳ ತುದಿಯೂ ಮೇಲಕ್ಕೆ. ಏಣಿ ಬಟ್ಟೆ ಉಳಿಸಲೆಂದು ಬೆನ್ನಿನ ಅಚ್ಚನ್ನು ತಿರುಗಿಸಿ ಇಟ್ಟ.

"ಅಣ್ಣಾ, ಬೆನ್ನಲ್ಲಿ ಎಲೆ ತಲೆಕೆಳಗಾಗುತ್ತೆ."

"ಅಕ್ಕಾ, ಬೆನ್ನನ್ನ ಯಾರು ನೋಡ್ತಾರೆ? ನೀವು ಚಾಕ್‌ಪೀಸ್ ಹಿಡೀರಿ ಸಾಕು."

ಗೆರೆ ಎಳೆದೆ. ಎಳೆದು ಮುಗಿದಾಗ ಕೈ ತಾನಾಗಿ ಮೂಲೆಗೆ ಹೋಗಿ ಮೀನನ್ನೂ ಬರೆಯಿತು. ತಪ್ಪೆಂದರೆ ಅದೇ.

ನೂರು ಶರ್ಟಿನ ಬೆನ್ನು ಹಾಳಾಯಿತು. ಮ್ಯಾನೇಜರು ಬಟ್ಟೆಯ ಮೂಲೆಯನ್ನು ಬೆರಳಿನಿಂದ ತಟ್ಟಿ, "ಈ ಮೀನು ಬರ್ದಿದ್ದು ಯಾರು?" ಎಂದರು. ಏಣಿ ನೆಲ ನೋಡಿದ. ನನ್ನ ಮೀನು ಎಲ್ಲರಿಗೂ ಗೊತ್ತು.

"ನಾನು ಸಾರ್. ಆದ್ರೆ ಮೊದ್ಲೇ ಹೇಳಿದ್ದೆ..."

"ಹೇಳಿದ್ಮೇಲೂ ಬರ್ದೆಯಲ್ಲ? ಹೆಲ್ಪರಿಗೆ ಗುರುತು ಹಾಕೋ ಅಧಿಕಾರ ಕೊಟ್ಟೋರು ಯಾರು?"

ಮಧ್ಯಾಹ್ನ ಎಚ್ಚರಿಕೆಯ ಪತ್ರ ಬಂತು. ಹೆಲ್ಪರ್ ಇನ್ನು ಮುಂದೆ ಮಾಸ್ಟರರ ಗುರುತು ಹಾಕತಕ್ಕದ್ದಲ್ಲ ಎಂದಿತ್ತು. ತಲುಪಿದೆ ಎಂದು ಸಹಿ ಮಾಡಿದೆ. ಪತ್ರವನ್ನು ಊಟದ ಡಬ್ಬಿಯ ಚೀಲದಲ್ಲಿಟ್ಟು, ಮನೆಗೆ ಬಂದು ಪಾತ್ರೆ ತೊಳೆದೆ. ಮಗಳ ಬಟ್ಟೆ ಇಸ್ತ್ರಿ ಮಾಡಿದೆ.

ಮರುದಿನ ಹೊಸ ಬಟ್ಟೆ ಹಾಸಿ ಎಂದಿನಂತೆ ಅಚ್ಚು ಜೋಡಿಸಿದೆ, ಗೆರೆ ಎಳೆದೆ. ಎಳೆದು ಮುಗಿಸಿ ಚಾಕ್‌ಪೀಸನ್ನು ಡಬ್ಬಿಗೆ ಹಾಕಿ ಮುಚ್ಚಿದೆ.

"ಅಕ್ಕಾ, ಮೀನೆಲ್ಲಿ?" ಎಂದ ಮೆಷಿನ್‌ನವನು.

"ಮಾಸ್ಟರನ್ನ ಕೇಳಪ್ಪ."

ಅವನು ಬ್ಲೇಡು ಕೆಳಗಿಟ್ಟು ಕೈಕಟ್ಟಿ ನಿಂತ. ಹೊಲಿಗೆಯ ಸಾಲಿನಿಂದ ಯಾರೋ, "ಮೀನು ರಜೆ ಹಾಕಿದೆ ಕಣ್ರೇ," ಎಂದಳು. ನಗು ಎದ್ದಿತು.

ಏಣಿ ಚಾಕ್‌ಪೀಸ್ ತೆಗೆದುಕೊಂಡು ಮೇಜಿನ ಈ ತುದಿಯಿಂದ ಆ ತುದಿಗೆ ಮೂರು ಸಲ ನಡೆದ. ಕೊನೆಗೆ ನನ್ನ ಹತ್ತಿರ ಬಂದು ಸಣ್ಣ ದನಿಯಲ್ಲಿ, "ಎಲ್ಲ ಸರಿ ಇದೆಯಾ ಅಕ್ಕಾ?" ಎಂದ.

"ಅದನ್ನ ಹೇಳ್ಬೇಕಾದೋರು ನೀವಲ್ವಾ ಅಣ್ಣ?"

ನಾನು ಕೈತೊಳೆದು ಬಂದು ಊಟದ ಡಬ್ಬಿ ತೆರೆದೆ. ಗಾಜಿನಾಚೆ ಮ್ಯಾನೇಜರು ಎದ್ದು ನಿಂತಿದ್ದರು. ಗಂಟೆ ನಾಲ್ಕಾದರೂ ಬಟ್ಟೆ ಹಾಸಿದ ಹಾಗೇ ಇತ್ತು. ಖುಷಿಯಾಗಬೇಕಿತ್ತೇನೋ. ಅನ್ನ ಸಪ್ಪೆ ಅನ್ನಿಸಿತ್ತು, ಉಪ್ಪು ಹಾಕಿದ್ದು ನೆನಪಿದ್ದರೂ.

ಮರುದಿನ ಬೆಳಿಗ್ಗೆ ಮಗಳು ಎಂದಿನಂತೆ ಬೆನ್ನು ತಿರುಗಿಸಿ ಕುಳಿತಳು.

"ಅಮ್ಮಾ, ಮಾಸ್ಟರ್ ಆದ್ಯಾ?"

"ಇಲ್ಲ ಪುಟ್ಟಿ. ಮಾಡ್ಲಿಲ್ಲ ಅವ್ರು."

"ಮತ್ತೆ ಮೀನು ಯಾರು ಬರೀತಾರೆ?"

"ಗೊತ್ತಿಲ್ಲ. ತಲೆ ಅಲ್ಲಾಡಿಸ್ಬೇಡ," ಎಂದು ಬೈತಲೆ ನೇರ ಮಾಡಿದೆ.